ಕೇಳಿ ನೋಡಿ: ಪರದೇಶದಲ್ಲಿ ಹತ್ತಿದ ಪಾಠದ ಹುಚ್ಚು

ಪ್ರಶ್ನೆ: ಯಜಮಾನರ ಕಾಫಿ ಕಂಪನಿ ಕೆಲಸದಿಂದಾಗಿ ಮೂರು ವರ್ಷ ವಿಯೆಟ್ನಾಂನ ಡಾಕ್ ಲಾಕ್ ಪ್ರಾಂತ್ಯದಲ್ಲಿದ್ದೆ. ಹೊತ್ತು ಹೋಗಲೆಂದು ಪಕ್ಕದ ಮನೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡತೊಡಗಿದೆ. ಬರಬರುತ್ತಾ ಅದಿಲ್ಲದೆ ದಿನ ಹೋಗದಂತಾಯಿತು. ಈಗ ಊರಿಗೆ ಮರಳಿ, ಮನೆಯ ಪಡಸಾಲೆಯಲ್ಲಿ ಹತ್ತು ಮಕ್ಕಳನ್ನು ಸೇರಿಸಿಕೊಂಡಿದ್ದೇನೆ. ಅಲ್ಲಿ ಗಲಗಲ ಅನ್ನುತ್ತಿದ್ದ ತರಗತಿ ಇಲ್ಲಿ ಎರಡೇ ವಾರಕ್ಕೆ ತಣ್ಣಗಾಗಿದೆ. ಎಲ್ಲಿ ತಪ್ಪುತ್ತಿದ್ದೇನೆ?
—ಓದುಗರು, ಪೊನ್ನಂಪೇಟೆ

ಉತ್ತರ: ಡಾಕ್ ಲಾಕ್‌ನಲ್ಲಿ ನಿಮಗೂ ಮಕ್ಕಳಿಗೂ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆಯ ಆಸರೆ ಇರಲಿಲ್ಲ. ಹಾಗಾಗಿ ತೋರಿಸಿದಿರಿ, ಗೀಚಿದಿರಿ, ಅಭಿನಯಿಸಿದಿರಿ, ಹೇಗೋ ಅವರ ಬಾಯಿಂದ ಮಾತು ಹೊರಡಿಸಿದಿರಿ. ಇಲ್ಲಿ ಕನ್ನಡ ಕೈಗೆ ಸಿಕ್ಕಿದೆ. ಬಹುಶಃ ವಿವರಿಸಲು ಶುರು ಮಾಡಿದ್ದೀರಿ. ವಿವರಿಸುವವರ ಮುಂದೆ ಮಕ್ಕಳು ಸುಮ್ಮನೆ ಕೂರುತ್ತಾರೆ, ಪಾಪ, ಇನ್ನೇನು ಮಾಡಿಯಾರು! ಒಂದು ತರಗತಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನಿಮ್ಮ ದನಿ ಎಷ್ಟು ನಿಮಿಷ ಕೇಳಿಸುತ್ತದೆಂದು ಲೆಕ್ಕ ಹಾಕಿ. 45 ನಿಮಿಷದಲ್ಲಿ 15 ದಾಟಿದ್ದರೆ ಕಾರಣ ಸಿಕ್ಕಿತು ಅಂತಲೇ ತಿಳಿಯಿರಿ. ‘ಅರ್ಥ ಆಯ್ತಾ?’ ಎಂದು ಎಷ್ಟು ಸಲ ಕೇಳಿದ್ದೀರಿ ಎಂಬುದನ್ನೂ ಎಣಿಸಿ. ಆ ಪ್ರಶ್ನೆಗೆ ಎಲ್ಲ ಮಕ್ಕಳೂ ತಲೆಯಾಡಿಸುತ್ತಾರೆ, ಅರ್ಥವಾಗದವರು ಸ್ವಲ್ಪ ಜೋರಾಗಿ.

ಇನ್ನೊಂದು ಕಾರಣವೂ ಇರಬಹುದು: ಅಲ್ಲಿನ ನೋಟ್ಸನ್ನೇ ಇಲ್ಲಿ ತೆಗೆದಿರಬಹುದು. ವಿಯೆಟ್ನಾಂ ಮಕ್ಕಳು ಪದದ ಕೊನೆಯ ವ್ಯಂಜನವನ್ನು ನುಂಗುತ್ತಾರೆ. ನೈಸ್, ನೈನ್, ನೈಟ್ ಮೂರೂ ‘ನೈ’ ಆಗಿಬಿಡುತ್ತವೆ. ನಮ್ಮ ಮಕ್ಕಳದ್ದು ತಿರುಗಾಮುರುಗಾ: ಕೊನೆಗೊಂದು ಸ್ವರ ಅಂಟಿಸಿ ಬಸ್ಸು, ಪೆನ್ನು ಅನ್ನುತ್ತಾರೆ. ಅಲ್ಲಿ ಕೊನೆಯಕ್ಷರ ಒತ್ತಿ ಹೇಳಿಸಿದ ಅಭ್ಯಾಸವನ್ನೇ ಇಲ್ಲಿ ಮಾಡಿಸಿದರೆ ಬಸ್ಸು ‘ಬಸ್ಸೂ’ ಆದೀತು. ಹೊಸ ಪುಸ್ತಕ ತೆಗೆದು, ಮೊದಲ ಎರಡು ವಾರ ಮಕ್ಕಳ ತಪ್ಪುಗಳನ್ನು ಕೇಳಿಸಿದ ಹಾಗೇ ಬರೆದುಕೊಳ್ಳಿ, ತಿದ್ದಲು ಹೋಗಬೇಡಿ. ನಿಮ್ಮ ಪಠ್ಯಪುಸ್ತಕ ಅದೇ.

ಮಾದರಿಗೆ ಒಂದು ಪಾಠ. ಮೇಜಿನ ಮೇಲೆ ಕಾಫಿ ಹಣ್ಣು (ಇಂಗ್ಲಿಷಿನಲ್ಲಿ ಚೆರಿ), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ), ಹುರಿದ ಬೀಜ, ಪುಡಿ ಇಡಿ. ಏಳು ಚೀಟಿಗಳಲ್ಲಿ ಏಳು ಕ್ರಿಯಾಪದ ಬರೆಯಿರಿ: ಪಿಕ್, ಪಲ್ಪ್ (ಸಿಪ್ಪೆ ಬಿಡಿಸು), ವಾಷ್, ಡ್ರೈ, ವೇ (ತೂಗು), ಸಾರ್ಟ್, ರೋಸ್ಟ್. ಕಣದಲ್ಲಿ ಕಾಫಿ ಹರವಿದ್ದನ್ನು ಕಾಣದ ಮಗು ನಿಮ್ಮ ಕಡೆ ಇರಲಾರದು. ಅರ್ಥ ಹೇಳುವ ಕೆಲಸವೇ ಇಲ್ಲ. ಮೊದಲ ಹತ್ತು ನಿಮಿಷ ಇಬ್ಬಿಬ್ಬರು ಸೇರಿ ಚೀಟಿಗಳನ್ನು ಕ್ರಮಕ್ಕೆ ಜೋಡಿಸಲಿ. ಗಲಾಟೆಯಾಗುತ್ತದೆ, ಆಗಲಿ. ಕೆಲವು ಮನೆಗಳಲ್ಲಿ ರೊಬಸ್ಟಾ ತಳಿಯ ಕಾಫಿಯನ್ನು ಪಲ್ಪ್ ಮಾಡದೆ ಹಣ್ಣನ್ನೇ ಒಣಗಿಸುತ್ತಾರಲ್ಲ, ಅದರ ಮೇಲೆ ಜಗಳ ಹತ್ತಿದರೆ ಇನ್ನೂ ಒಳ್ಳೆಯದು. ಅದನ್ನು ಇಂಗ್ಲಿಷಿನಲ್ಲೇ ಆಡಲಿ.

ಆಮೇಲೆ ಚೀಟಿಗಳನ್ನು ಮೂರು ಗುಂಪು ಮಾಡಿಸಿ. ಭೂತಕಾಲದ ಬಾಲ ಮೂರು ಬಗೆಯಲ್ಲಿ ಕೇಳುತ್ತದೆ: ಪಿಕ್ಟ್, ಪಲ್ಪ್ಟ್, ವಾಷ್ಟ್ ಒಂದು ಕಡೆ, ಡ್ರೈಡ್, ವೇಡ್ ಇನ್ನೊಂದು ಕಡೆ, ಸಾರ್ಟಿಡ್, ರೋಸ್ಟಿಡ್ ಮೂರನೆಯ ಕಡೆ. ಮೂಲ ಪದ ಟ್ ಅಥವಾ ಡ್‌ನಲ್ಲಿ ಮುಗಿದರೆ ಮಾತ್ರ ‘ಇಡ್’ ಸೇರುತ್ತದೆ ಎಂಬುದನ್ನು ನೀವು ಹೇಳಬೇಡಿ. ಮೂರನೆಯ ಗುಂಪಿನ ಎರಡು ಚೀಟಿ ಎತ್ತಿ ಹಿಡಿದು ಕಾಯಿರಿ. ಯಾರಾದರೂ ಕಂಡುಹಿಡಿಯುತ್ತಾರೆ. ‘ವಾಷೆಡ್’, ‘ಪಿಕೆಡ್’ ಎಂಬ ನಮ್ಮ ರೂಢಿ ಇಲ್ಲಿ ಅರ್ಧ ಬಿಡುತ್ತದೆ, ಉಳಿದರ್ಧ ವರ್ಷ ಹಿಡಿದರೂ ಹಿಡಿದೀತು.

ಕೊನೆಯ ಇಪ್ಪತ್ತು ನಿಮಿಷ ವಾಕ್ಯ. ‘ದ ಚೆರಿ ಪಿಕ್ಟ್’ ಎಂದು ಒಬ್ಬಳು ಹೇಳುತ್ತಾಳೆ, ನಡುವಿನ ‘ಈಸ್’ ಬಿದ್ದುಹೋಗಿದೆ. ನೀವು ಸರಿಯಾದ ವಾಕ್ಯ ಹೇಳಿಬಿಟ್ಟರೆ ಆಕೆ ಕೇಳಿ ಮರೆಯುತ್ತಾಳೆ. ಕೈ ಎತ್ತಿ ನಾಲ್ಕು ಬೆರಳು ಬಿಡಿಸಿ, ಪದಕ್ಕೊಂದು ಬೆರಳು ಮುಟ್ಟುತ್ತಾ ಹೋಗಿ. ಮೂರನೆಯದನ್ನು ಮುಟ್ಟಿ ಸುಮ್ಮನಾಗಿ. ಆಕೆಯೇ ತುಂಬಿಸುತ್ತಾಳೆ. ಹೊಸಬರು ಇಲ್ಲಿ ಎಡವುವುದು ದಿಕ್ಕಿನಲ್ಲಿ: ಎದುರು ಕೂತ ಮಕ್ಕಳಿಗೆ ವಾಕ್ಯ ಎಡದಿಂದ ಬಲಕ್ಕೆ ಕಾಣಬೇಕಾದರೆ ನೀವು ನಿಮ್ಮ ಬಲತುದಿಯ ಬೆರಳಿನಿಂದ ಶುರು ಮಾಡಬೇಕು.

ಕನ್ನಡವನ್ನು ಬಾಗಿಲಾಚೆ ಇಡಿ ಎನ್ನುತ್ತಿಲ್ಲ. ಒಂದೊಂದು ನಿಮಿಷ, ಹೋಲಿಕೆಗೆ ಬಳಸಿ. ‘ಸಂತೆಗೆ’ ಎನ್ನುವಲ್ಲಿ ‘ಗೆ’ ಹಿಂದೆ ಬರುತ್ತದೆ, ಇಂಗ್ಲಿಷಿನ ‘ಟು’ ಮುಂದೆ ಬರುತ್ತದೆ, ಹೇಳಿ ಮುಗಿಸಿ. ‘ಎ’ ಮತ್ತು ‘ದ’ ನಮ್ಮಲ್ಲಿಲ್ಲ. ‘ನಾಯಿ ಬಂತು’ ಅಂದಾಗ ಅದು ಯಾವ ನಾಯಿ ಎಂಬುದು ಕೇಳಿಸಿಕೊಳ್ಳುವವನಿಗೆ ಗೊತ್ತಿದ್ದರೆ ‘ದ’, ಗೊತ್ತಿಲ್ಲದಿದ್ದರೆ ‘ಎ’. ಶುರುವಿಗೆ ಇಷ್ಟು ಸಾಕು. ಈ ಅನುಕೂಲ ಡಾಕ್ ಲಾಕ್‌ನಲ್ಲಿ ನಿಮಗಿರಲಿಲ್ಲ, ಮಕ್ಕಳ ತಪ್ಪು ಎಲ್ಲಿಂದ ಹುಟ್ಟಿತೆಂದು ಇಲ್ಲಿ ನಿಮಗೆ ಒಳಗಿಂದಲೇ ಗೊತ್ತಿದೆ.

ಪಡಸಾಲೆಗೆ ಶೀಟು ಹೊದಿಸಿದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಆಲಿಸುವ ಪಾಠ ಇಟ್ಟುಕೊಳ್ಳಬೇಡಿ. ಮಳೆ ಹೊಡೆತಕ್ಕೆ ಸ್, ಫ್, ಷ್ ಯಾವುದೂ ಕೇಳಿಸುವುದಿಲ್ಲ, ಮಕ್ಕಳು ಅಂದಾಜಿಗೆ ಬರೆಯುತ್ತಾರೆ. ಆ ತಿಂಗಳುಗಳನ್ನು ಓದು, ಬರಹಕ್ಕೆ ಬಿಡಿ. ಕರೆಂಟು ನಂಬದೆ ಎಲ್ಲವನ್ನೂ ಕಾಗದದಲ್ಲಿ ಸಿದ್ಧಮಾಡಿ.

ಪ್ರಶ್ನೆ: ಮನೆಮಾತು ಕೊಡವ ತಕ್ಕ್, ಕಲಿತದ್ದು ಕನ್ನಡ ಮಾಧ್ಯಮ. ಇಂಗ್ಲಿಷ್ ಕಲಿಸಬೇಕಾದರೆ ಉಚ್ಚಾರವನ್ನು ಅಮೆರಿಕದವರ ಹಾಗೆ ಬದಲಿಸಿಕೊಳ್ಳಬೇಕೆ?
—ಓದುಗರು, ವಿರಾಜಪೇಟೆ

ಉತ್ತರ: ಬೇಡ. ಅರೆಬರೆ ಅಮೆರಿಕನ್ ಉಚ್ಚಾರ ಮಕ್ಕಳಿಗೆ ಗೊಂದಲ, ಕೇಳುವವರಿಗೆ ಹಿಂಸೆ. ಅರ್ಥ ಕೆಡಿಸುವ ನಾಲ್ಕೈದು ಜಾಗ ಸರಿಮಾಡಿಕೊಂಡರೆ ಸಾಕು.

ಪದದ ಮೊದಲಿನ ಪ್: ನಾವು ಉಸಿರಿಲ್ಲದೆ ಹೇಳುತ್ತೇವೆ, ಪರದೇಶದವರ ಕಿವಿಗೆ ಪಿಗ್ ‘ಬಿಗ್’ ಆಗಿ ಕೇಳುತ್ತದೆ. ತೆಳು ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಹಿಡಿದು ಹೇಳಿ, ಕಾಗದ ಅಲುಗಬೇಕು. ವೆಸ್ಟ್ ಎಂಬುದು ದಿಕ್ಕೋ ಬನಿಯನ್ನೋ? ಕನ್ನಡದಲ್ಲಿ ಬರೆದರೆ ಎರಡೂ ಒಂದೇ ‘ವ’. ಕನ್ನಡಿ ಹಿಡಿಯಿರಿ: ಬನಿಯನ್ನಿಗೆ ಮೇಲ್ಹಲ್ಲು ಕೆಳತುಟಿಗೆ ತಾಗಬೇಕು, ದಿಕ್ಕಿಗೆ ತುಟಿ ದುಂಡಗಾಗಬೇಕು, ಹಲ್ಲು ತಾಗಲೇಬಾರದು. ಎಗ್ ಅನ್ನುವಾಗ ‘ಯೆಗ್’ ಬಂದರೆ ಲೆಗ್, ಲೆಗ್ ಎಂದು ಹೇಳುತ್ತಾ ಲ್ ಬಿಟ್ಟುಬಿಡಿ. ಫೋಟೊಗ್ರಾಫ್ ಅಂದಾಗ ಒತ್ತು ಮೊದಲಲ್ಲಿ, ಫೊಟಾಗ್ರಫರ್ ಅಂದಾಗ ಎರಡನೆಯದರಲ್ಲಿ. ಒತ್ತು ಬಿದ್ದಲ್ಲಿ ಚಪ್ಪಾಳೆ ತಟ್ಟಿ ಕಲಿಯಿರಿ.

ಒಂದು ವಿಷಯದಲ್ಲಿ ನೀವು ಬರೀ ಕನ್ನಡ ಬಲ್ಲವರಿಗಿಂತ ಮುಂದಿದ್ದೀರಿ. ಕೊಡವ ತಕ್ಕ್‌ನಲ್ಲಿ ಕನ್ನಡ ಲಿಪಿಗೆ ಸಿಗದ ನಡುನಾಲಿಗೆಯ ಸ್ವರಗಳಿವೆ. ಅಬೌಟ್ ಪದದ ಮೊದಲ ಸ್ವರಕ್ಕೆ, ಬರ್ಡ್ ಪದದ ನಡುವಿನ ಸ್ವರಕ್ಕೆ ಕನ್ನಡದ ‘ಅ’ಗಿಂತ ಅವೇ ಹತ್ತಿರ. ಕನ್ನಡ ಅಕ್ಷರ ನೋಡಿ ಓದುವುದನ್ನು ಬಿಟ್ಟು ಕಿವಿಯಿಂದ ಹಿಡಿಯಿರಿ.

ಪ್ರಶ್ನೆ: ಆನ್‌ಲೈನಿನಲ್ಲಿ 120 ಗಂಟೆಯ ಟೆಫ್ಲ್ (ಪರಭಾಷಿಕರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಸರ್ಟಿಫಿಕೇಟ್ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಂಡರೆ ಇಲ್ಲಿನ ಶಾಲೆಗೂ ಆಗುತ್ತದೆಯೇ?
—ಓದುಗರು, ಗೋಣಿಕೊಪ್ಪ

ಉತ್ತರ: ಇಲ್ಲಿನ ಶಾಲೆಗೆ ಆಗುವುದಿಲ್ಲ. 1ರಿಂದ 5ನೇ ತರಗತಿಗೆ ಡಿ.ಇಎಲ್.ಇಡಿ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ), 6ರಿಂದ 8ನೇ ತರಗತಿಗೆ ಡಿ.ಇಎಲ್.ಇಡಿ ಅಥವಾ ಬಿ.ಇಡಿ, ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕೇಳುತ್ತಾರೆ. ಟೆಫ್ಲ್ ಅದಕ್ಕೆ ಬದಲಿಯಲ್ಲ.

ಪರದೇಶಕ್ಕಾದರೆ ಗಂಟೆಯ ಲೆಕ್ಕಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ನಿಜವಾದ ವಿದ್ಯಾರ್ಥಿಗಳಿಗೆ ನೀವು ಪಾಠ ಮಾಡುವುದನ್ನು ಯಾರಾದರೂ ಕೂತು ನೋಡಿ ತಿದ್ದುತ್ತಾರೆಯೇ? ಕೇಂಬ್ರಿಡ್ಜ್‌ನ ಸೆಲ್ಟಾ ಎಂಬ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಕನಿಷ್ಠ 120 ಗಂಟೆ ಕಲಿಕೆ, ಅದರಲ್ಲಿ 6 ಗಂಟೆ ಮೌಲ್ಯಮಾಪನದ ಪಾಠ, 6 ಗಂಟೆ ಅನುಭವಿಗಳ ಪಾಠ ನೋಡುವುದು, ಮೇಲೆ ನಾಲ್ಕು ಲಿಖಿತ ಕೆಲಸ. ಪೂರ್ಣಾವಧಿಯಾದರೆ ನಾಲ್ಕೈದು ವಾರ. ಆ ವಾರಗಳಲ್ಲಿ ಮದುವೆ, ನಾಮಕರಣ ಯಾವುದಕ್ಕೂ ಹೋಗುವ ಆಸೆ ಬೇಡ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಇಂಥದೇ ಕೋರ್ಸಿನಲ್ಲೂ 6 ಗಂಟೆ ಪಾಠವಿದೆ. ಜೊತೆಗೆ ನಿಮಗೆ ಗೊತ್ತೇ ಇಲ್ಲದ ಒಂದು ಭಾಷೆಯನ್ನು ಕೆಲವು ಗಂಟೆ ಕಲಿಸಿ, ಕಲಿಯುವವರ ಸಂಕಟವೇನೆಂದು ತೋರಿಸುತ್ತಾರೆ. ಅಗ್ಗದ ಆನ್‌ಲೈನ್ ಕೋರ್ಸುಗಳಲ್ಲಿ ಬಹುಪಾಲು ಬರೀ ಸರಿ ಉತ್ತರ ಒತ್ತುವುದೇ ಆಗಿರುತ್ತದೆ.

ಪ್ರಶ್ನೆ: ಮಗಳು ಇಂಗ್ಲಿಷ್ ಎಂ.ಎ., ಬಿ.ಇಡಿ. ಕೊರಿಯಾ ಅಥವಾ ವಿಯೆಟ್ನಾಂನಲ್ಲಿ ಕಲಿಸಬೇಕೆನ್ನುತ್ತಾಳೆ. ಏಜೆಂಟರೊಬ್ಬರು ಟೂರಿಸ್ಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಿಸಬಹುದು ಎನ್ನುತ್ತಾರೆ.
—ಓದುಗರು, ಮಡಿಕೇರಿ

ಉತ್ತರ: ಆ ಏಜೆಂಟರಿಗೆ ಈಗಲೇ ಕೈಮುಗಿಯಿರಿ. ಟೂರಿಸ್ಟ್ ವೀಸಾದಲ್ಲಿ ದುಡಿದು ಸಿಕ್ಕಿಬಿದ್ದರೆ ದಂಡ, ಗಡೀಪಾರು ಎಲ್ಲ ಮಗಳ ತಲೆಗೇ, ಏಜೆಂಟರಿಗಲ್ಲ.

ಕೊರಿಯಾದ ಇ-2 ವೀಸಾ (ಭಾಷೆ ಕಲಿಸುವವರ ವೀಸಾ) ಮಾಮೂಲಾಗಿ ಇಂಗ್ಲಿಷ್ ತಾಯ್ನುಡಿಯ ಏಳು ದೇಶಗಳ ಪಾಸ್‌ಪೋರ್ಟಿಗೆ. ಆದರೆ 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಲ್ಲಿ, ಇಂಗ್ಲಿಷ್ ಓದಿ ಶಿಕ್ಷಕ ಅರ್ಹತೆ ಪಡೆದ ಭಾರತೀಯರಿಗೆ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗುವ ದಾರಿಯಿದೆ. ಹಾಗಾಗಿ ಆ ಬಿ.ಇಡಿ ತುಂಬಾ ಬೆಲೆಯುಳ್ಳದ್ದು. ವಿಯೆಟ್ನಾಂನಲ್ಲಿ ವರ್ಕ್ ಪರ್ಮಿಟ್ಟಿಗೆ ಪದವಿ, ಬೋಧನೆಯ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ ಬೇಕು. ಪದವಿಪತ್ರಕ್ಕೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಅಂಕಪಟ್ಟಿ ಸಾಲದು, ಘಟಿಕೋತ್ಸವದ ಮೂಲ ಪತ್ರವೇ ಬೇಕು. ಇನ್ನೂ ತೆಗೆಸಿರದಿದ್ದರೆ ಈ ವಾರವೇ ಅರ್ಜಿ ಹಾಕಿ.

ಕೊಡಗಿನವರ ಅರ್ಜಿ ಹೆಚ್ಚಾಗಿ ನಿಲ್ಲುವುದು ಹೆಸರಿನಲ್ಲಿ. ಒಂದು ಕಾಗದದಲ್ಲಿ ಮನೆಪೆದ (ಮನೆತನದ ಹೆಸರು) ಮುಂದೆ, ಇನ್ನೊಂದರಲ್ಲಿ ಹಿಂದೆ, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಮದುವೆಯಾಗಿದ್ದರೆ ಪದವಿಯಲ್ಲಿ ತವರಿನ ಒಕ್ಕದ (ಮನೆತನದ) ಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಒಕ್ಕದ್ದು. ಪರದೇಶದ ಗುಮಾಸ್ತನಿಗೆ ಅವರಿಬ್ಬರೂ ಬೇರೆ ಬೇರೆ ಹೆಂಗಸರು. ಎಲ್ಲ ಕಾಗದಗಳನ್ನೂ ಪಾಸ್‌ಪೋರ್ಟಿನ ಪಕ್ಕ ಹರವಿ ಅಕ್ಷರಕ್ಕಕ್ಷರ ಹೋಲಿಸಿ. ವ್ಯತ್ಯಾಸ ಕಂಡರೆ ವಿವಾಹ ನೋಂದಣಿ ಪತ್ರ, ಅದಿಲ್ಲದಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿಟ್ಟುಕೊಂಡು, ಆಮೇಲಷ್ಟೇ ಮುದ್ರೆಗೆ ಕಳಿಸಿ.