ಮಂಡಿ ಲೆಕ್ಕಕ್ಕೆ ಯಾವ ಪೆನ್ನು?

ಪ್ರಶ್ನೆ: ದಾವಣಗೆರೆಯ ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದಿನವಿಡೀ ಕಾರ್ಬನ್ ಇಟ್ಟು ಬಿಲ್ ಬರೆಯಬೇಕು. ಜೆಲ್ ಪೆನ್ನು ನುಣ್ಣಗೆ ಓಡುತ್ತೆ, ಆದರೆ ಕೆಳಗಿನ ಕಾಪಿ ಸರಿಯಾಗಿ ಮೂಡಲ್ಲ. ಸಂಜೆಗೆ ಬೆರಳು ನೋವು ಬೇರೆ. ಯಾವ ಪೆನ್ನು, ಯಾವ ರಿಫಿಲ್ ತಗೊಳ್ಳಲಿ?

ಉತ್ತರ: ಬಾಲ್ ಪೆನ್ನೇ ತಗೊಳ್ಳಿ. ಜೆಲ್ ಇಂಕು ನೀರಿನ ಅಂಶದ್ದು, ಸುಮ್ನೆ ತಾಗಿಸಿದರೂ ಹರಿಯುತ್ತದೆ, ಹಾಗಾಗಿ ಕೈ ಒತ್ತುವುದನ್ನೇ ಮರೆತುಬಿಡುತ್ತದೆ, ಒತ್ತದಿದ್ದರೆ ಕಾರ್ಬನ್ ಕಾಪಿ ಎಲ್ಲಿ ಮೂಡಬೇಕು ಅಲ್ವಾ? ಬಾಲ್ ಪೆನ್ನಿನದು ಎಣ್ಣೆಯ ಗಟ್ಟಿ ಇಂಕು. ನಮ್ಮ ಏಪ್ರಿಲ್ ಸೆಕೆಯಲ್ಲಿ ಬೆವರಿನ ಕೈ ತಾಗಿದರೂ ಜೆಲ್‌ನಷ್ಟು ಹರಡುವುದಿಲ್ಲ.

ತುದಿಯ ಗುಂಡು 0.7 ಮಿ.ಮೀ. ಇರಲಿ. 1 ಮಿ.ಮೀ. ಆದರೆ ಲೆಕ್ಕದ ಚಿಕ್ಕ ಮನೆಗಳಲ್ಲಿ 6 ಯಾವುದು 8 ಯಾವುದು ಗೊತ್ತಾಗಲ್ಲ, 0.5 ಬಿಲ್ ಪುಸ್ತಕದ ಒರಟು ಕಾಗದವನ್ನು ಕೆರೆಯುತ್ತದೆ.

ಬೆರಳು ನೋವಿಗೆ ಕಾರಣ ಜಾಸ್ತಿ ಸಲ ಪೆನ್ನಿನ ಸಣಕಲು ಮೈ. ರಬ್ಬರ್ ಹಿಡಿಕೆಯ, ಸ್ವಲ್ಪ ದಪ್ಪನೆಯದನ್ನು ನೋಡಿ.

ರಿಫಿಲ್ ಕೊಳ್ಳುವಾಗ ಖಾಲಿಯಾದದ್ದನ್ನು ಅಂಗಡಿಗೆ ಒಯ್ದು ಉದ್ದ, ದಪ್ಪ ಎರಡನ್ನೂ ಹೊಂದಿಸಿ ನೋಡಿ. ಪಾರ್ಕರ್ ಜಾಟರ್ ಅಳತೆಯ ರಿಫಿಲ್, ಅಂದರೆ ಸುಮಾರು 98 ಮಿ.ಮೀ. ಉದ್ದದ್ದು, ಬೇರೆ ಕಂಪನಿಗಳ ಎಷ್ಟೋ ಪೆನ್ನುಗಳಿಗೂ ಕೂರುತ್ತದೆ. ನನ್ನ ಮೇಜಿನ ಮೇಲಿರುವುದೂ ಅದೇ ಬಗೆಯದು.

ಇಂಕು ನಿಂತರೆ ಬೆಂಕಿಕಡ್ಡಿ ಗೀರಿ ತುದಿ ಕಾಯಿಸಬೇಡಿ, ದಯವಿಟ್ಟು. ಒರಟು ಕಾಗದದ ಮೇಲೆ ಸುತ್ತು ಸುತ್ತಾಗಿ ಗೀಚಿ, ಗುಂಡು ತಿರುಗತೊಡಗುತ್ತದೆ.