ಸಂಪಾದಕರ ಉತ್ತರ: ಅಳಿಯ ಸೆನೆಟರಿಗೆ ಫೋನ್ ಮಾಡಿದ್ದು ತಪ್ಪೇ?

ಗದಗ-ಬೆಟಗೇರಿಯ ನಿವೃತ್ತ ಶಿಕ್ಷಕಿಯೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕಿಲ್ಲ. 2023ರ ಬೇಸಿಗೆಯಲ್ಲಿ ಅವರು ಅಮೆರಿಕದ ಡಲ್ಲಾಸ್ ಹತ್ತಿರ ಮಗಳ ಮನೆಯಲ್ಲಿದ್ದರು. ಒಂದು ಭಾನುವಾರ ಬ್ಯಾಪ್ಟಿಸ್ಟ್ ಸಭೆಯಲ್ಲಿ, ಎಂದರೆ ಆ ಪಂಗಡದ ಚರ್ಚಿನಲ್ಲಿ, ಆರಾಧನೆ ಮುಗಿದ ಮೇಲೆ ಪಾಸ್ಟರು ಒಂದು ಚೀಟಿ ಹಂಚಿದರಂತೆ. ಅದರಲ್ಲಿ ಟೆಕ್ಸಾಸಿನ ಇಬ್ಬರು ಸೆನೆಟರುಗಳ, ಎಂದರೆ ಅಮೆರಿಕದ ಸಂಸತ್ತಿನ ಮೇಲ್ಮನೆ ಸದಸ್ಯರ, ಕಚೇರಿಯ ಫೋನ್ ನಂಬರು, ಗಡಿ ಭದ್ರತೆಯ ಮಸೂದೆಯ ನಂಬರು. ಮರುದಿನ ಅಳಿಯ ಫೋನ್ ಮಾಡಿಯೇ ಬಿಟ್ಟರು. ಆಗ ಈ ತಾಯಿ ಏನೂ ಅನ್ನಲಿಲ್ಲ. 2025ರ ಫೆಬ್ರವರಿಯಲ್ಲಿ 104 ಭಾರತೀಯರನ್ನು, ಹಲವರಿಗೆ ಬೇಡಿ ಹಾಕಿ, ಅಮೆರಿಕದ ಸೇನಾ ವಿಮಾನ ಅಮೃತಸರಕ್ಕೆ ತಂದು ಇಳಿಸಿದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಮನಸ್ಸು ತಡೆಯಲಿಲ್ಲವಂತೆ. ಅವರು ಕೇಳುವುದಿಷ್ಟು: ಎಳೆಗೂಸಾಗಿದ್ದಾಗಲೇ ಈಜಿಪ್ಟಿಗೆ ಓಡಬೇಕಾಗಿ ಬಂದ ಕರ್ತನ ಹೆಸರು ಹೇಳುವವರು ಗಡಿಗೆ ಗೋಡೆ ಬೇಕು ಎನ್ನಬಹುದೇ? ಸಭೆಯಲ್ಲಿ ಇಂಥ ಚೀಟಿ ಹಂಚಬಹುದೇ? ಗ್ರೀನ್ ಕಾರ್ಡಿಗೆ ಕಾಯುತ್ತಿರುವ, ಅಲ್ಲಿ ಓಟೇ ಇಲ್ಲದ ಅಳಿಯನಿಗೆ ಫೋನ್ ಮಾಡುವ ಹಕ್ಕಾದರೂ ಎಲ್ಲಿಯದು?

ಸಹೋದರಿಯವರೇ,

ಗೋಡೆಯ ವಿಷಯ ಕೇಳಿದ್ದೀರಿ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರಿಸಿದರೆ ನಿಮಗೆ ಅನ್ಯಾಯವಾಗುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಡಿ ಬಿಗಿಯಾಗಿರಲಿ ಎಂದು ಒಬ್ಬ ಕ್ರೈಸ್ತ ತನ್ನ ಜನಪ್ರತಿನಿಧಿಯನ್ನು ಕೇಳಬಹುದು, ಅದರಲ್ಲಿ ಪಾಪವಿಲ್ಲ. ಆದರೆ ಫೋನಿನಲ್ಲಿ ಆಡುವ ಮಾತು, ಅದೇ ಸಭೆಯಲ್ಲಿ ಪಕ್ಕದ ಬೆಂಚಿನಲ್ಲಿ ಕೂತ, ಹೊಂಡುರಾಸ್ ದೇಶದಿಂದ ವಲಸೆ ಬಂದವನ ಎದುರಿಗೂ ಆಡಬಹುದಾದ ಮಾತಾಗಿರಬೇಕು.

ಪಾಸ್ಟರು ಎಲ್ಲಿ ನಿಂತು ಮಾತಾಡುತ್ತಾರೆ ಎಂಬುದನ್ನು ನೋಡಿ. ಸಂಪ್ರದಾಯವಾದಿ ಕ್ರೈಸ್ತರ ವಾದದ ಬುಡದಲ್ಲಿ ಇರುವುದು ಗೋಡೆಯಲ್ಲ, ರೋಮಾಪುರದವರಿಗೆ ಬರೆದ ಪತ್ರಿಕೆಯ ಎರಡು ಅಧ್ಯಾಯಗಳು. ನಿನ್ನ ವೈರಿ ಹಸಿದಿದ್ದರೆ ಅವನಿಗೆ ಊಟ ಹಾಕು ಎಂದು 12ರಲ್ಲಿ ಹೇಳುವ ಪೌಲನೇ, ಅಧಿಪತಿಯ ಕೈಯಲ್ಲಿರುವ ಕತ್ತಿ ಸುಮ್ಮನೆ ಇಟ್ಟುಕೊಂಡದ್ದಲ್ಲ ಎಂದು 13ರಲ್ಲಿ ಹೇಳುತ್ತಾನೆ. ಒಂದು ಮಾತು ವಿಶ್ವಾಸಿಗೆ, ಇನ್ನೊಂದು ಅರಸನ ಕೆಲಸದ ಬಗ್ಗೆ. ಪರದೇಶಿಯನ್ನು ಮನೆಗೆ ಸೇರಿಸಿಕೊಳ್ಳಿ ಎಂಬ ಮತ್ತಾಯ 25ರ ಮಾತಿನಿಂದ ಸಭೆಗೆ ಬಿಡುಗಡೆಯಿಲ್ಲ. ಆದರೆ ಅದೇ ವಚನ ಹಿಡಿದು, ಯಾರು ಬಂದರು ಯಾರು ಹೋದರು ಎಂದು ಸರ್ಕಾರ ನೋಡಲೇಬಾರದು ಎನ್ನಲಾಗುವುದಿಲ್ಲ. ಬೈಬಲಿನ ಅರಣ್ಯಕಾಂಡ 20ರಲ್ಲಿ ಇಸ್ರಾಯೇಲ್ಯರು ಕಾದೇಶಿನಿಂದ ಎದೋಮಿನ ಅರಸನಿಗೆ ದೂತರನ್ನು ಕಳಿಸಿ, ನಿಮ್ಮ ಹೊಲ, ದ್ರಾಕ್ಷೇತೋಟ ತುಳಿಯುವುದಿಲ್ಲ, ರಾಜಮಾರ್ಗದಲ್ಲೇ ನಡೆಯುತ್ತೇವೆ, ದಾಟಲು ಬಿಡಿ ಎಂದು ಕೇಳುತ್ತಾರೆ. ಅವನು ಒಲ್ಲೆ ಎನ್ನುತ್ತಾನೆ. ಅವರು ಸುತ್ತುಬಳಸಿ ಬೇರೆ ದಾರಿ ಹಿಡಿಯುತ್ತಾರೆ. ಎದೋಮಿನದು ಒಳ್ಳೆಯ ನಡತೆ ಎಂದು ಯಾರೂ ಹೇಳುತ್ತಿಲ್ಲ. ಗಡಿ ದಾಟುವ ಮೊದಲು ಅಪ್ಪಣೆ ಕೇಳುವುದು ಅಂದಿಗೂ ಇತ್ತು ಅಷ್ಟೇ.

ಈ ವಾದ ನನಗೆ ಒಪ್ಪಿಗೆ. ಇದಕ್ಕೆ ಅಂಟಿಸುವ ಎಲ್ಲವೂ ಒಪ್ಪಿಗೆಯಲ್ಲ. 2017ರ ಜನವರಿಯಲ್ಲಿ ಟ್ರಂಪ್ ಮೊದಲ ಸಲ ಅಧಿಕಾರ ಸ್ವೀಕರಿಸಿದ ದಿನ ಬೆಳಗಿನ ಪ್ರಾರ್ಥನೆಯಲ್ಲಿ ಪ್ರಸಂಗ ಮಾಡಿದವರು ನಿಮ್ಮ ಮಗಳಿರುವ ಡಲ್ಲಾಸಿನವರೇ, ಫಸ್ಟ್ ಬ್ಯಾಪ್ಟಿಸ್ಟ್ ಸಭೆಯ ರಾಬರ್ಟ್ ಜೆಫ್ರೆಸ್. ಬೈಬಲಿನ ನೆಹೆಮೀಯನನ್ನು ಎತ್ತಿಕೊಂಡು, ದೇವರು ಗೋಡೆ ಕಟ್ಟುವುದಕ್ಕೆ ವಿರೋಧಿಯಲ್ಲ ಎಂದು ಅವರು ಸಾರಿದರು. ಆದರೆ ನೆಹೆಮೀಯ ಕಟ್ಟಿದ್ದು ಒಂದು ಊರಿನ ಹಾಳುಬಿದ್ದ ಕೋಟೆಗೋಡೆ, ಅದೂ ಪಾರಸಿಯ ಅರಸನ ಪರವಾನಗಿ ಪಡೆದು. ಮೂರು ಸಾವಿರ ಕಿಲೋಮೀಟರ್ ದಾಟುವ ಮೆಕ್ಸಿಕೊ ಗಡಿಗೆ ಅದನ್ನು ಎಳೆದು ತಂದರೆ ವಚನವೂ ಹರಿಯುತ್ತದೆ, ವಾದವೂ ಹರಿಯುತ್ತದೆ.

ಈಜಿಪ್ಟಿನ ವಿಷಯದಲ್ಲಿ ನಿಮ್ಮ ಮಾತಿಗೆ ಅಲ್ಲಿನವರು ಕೊಡುವ ಉತ್ತರ ಹೀಗಿದೆ: ಆಗ ಈಜಿಪ್ಟ್ ರೋಮಿನ ಪ್ರಾಂತ್ಯ, ಹೆರೋದನೂ ರೋಮಿನ ಅಧೀನ ಅರಸ, ಯೋಸೇಫ ಯಾವ ಕಾನೂನನ್ನೂ ಮುರಿಯಲಿಲ್ಲ, ಹೆರೋದ ಸತ್ತ ಮೇಲೆ ವಾಪಸು ಬಂದ. ಚರಿತ್ರೆಯ ಲೆಕ್ಕದಲ್ಲಿ ಸರಿಯೇ. ಆದರೂ ಈ ಉತ್ತರ ಕೇಳಿದಾಗಲೆಲ್ಲ ನನಗೆ ಇರುಸುಮುರುಸು. ಅರಸನ ಕತ್ತಿಗೆ ಹೆದರಿ ರಾತ್ರೋರಾತ್ರಿ ಹೊರಟ ಸಂಸಾರ ಅದು. ಇವತ್ತಾದರೆ ಅವರು ಮಾಡಬೇಕಾದದ್ದು ಆಶ್ರಯದ ಅರ್ಜಿ. ಅದನ್ನು ವಿಚಾರಿಸುವ ಅಮೆರಿಕದ ವಲಸೆ ನ್ಯಾಯಾಲಯಗಳಲ್ಲಿ 2024ರ ಹೊತ್ತಿಗೆ 30 ಲಕ್ಷಕ್ಕೂ ಹೆಚ್ಚು ಪ್ರಕರಣ ಬಾಕಿಯಿದ್ದವು. ವರ್ಷಗಟ್ಟಲೆ ತೀರ್ಪಿಲ್ಲ. ನಿಜವಾಗಿ ಓಡಿಬಂದವನು ತ್ರಿಶಂಕುವಾಗುತ್ತಾನೆ, ಸುಳ್ಳು ಅರ್ಜಿ ಹಾಕಿದವನಿಗೆ ಅಷ್ಟು ವರ್ಷ ದುಡಿಯಲು ಅವಕಾಶ ಸಿಗುತ್ತದೆ. ಬಿಗಿ ಗಡಿ ಬೇಕು ಎನ್ನುವ ಕ್ರೈಸ್ತ ಅದೇ ಉಸಿರಿನಲ್ಲಿ ನ್ಯಾಯಾಧೀಶರು ಹೆಚ್ಚು ಬೇಕು ಎಂದೂ ಕೇಳಬೇಕಿತ್ತು. ಆದದ್ದೇನು? 2025ರ ಜುಲೈಯಲ್ಲಿ ಬಂದ ದೊಡ್ಡ ವೆಚ್ಚದ ಕಾಯಿದೆ ಗೋಡೆಗೆ 4,650 ಕೋಟಿ ಡಾಲರ್ ಕೊಟ್ಟಿತು. ವಲಸೆ ನ್ಯಾಯಾಧೀಶರ ಸಂಖ್ಯೆಗೆ ಮಾತ್ರ 2028ರ ನವೆಂಬರಿನಿಂದ 800ರ ಮಿತಿ ಹಾಕಿತು. ಇದಕ್ಕಾಗಿ ಯಾವ ಸಭೆಯಲ್ಲಾದರೂ ಚೀಟಿ ಹಂಚಿದ್ದರೆ ನನಗೆ ತಿಳಿಸಿ, ಸಂತೋಷದಿಂದ ಪ್ರಕಟಿಸುತ್ತೇನೆ.

ಹಾಗೆಂದು ಸಡಿಲ ಗಡಿಯೇ ಕರುಣೆ ಎಂದುಕೊಳ್ಳಬೇಡಿ. 2022ರ ಜೂನಿನಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಸುಡುಬಿಸಿಲಿಗೆ ಬಿಟ್ಟುಹೋದ ಲಾರಿಯೊಂದರ ಡಬ್ಬದೊಳಗೆ ತುಂಬಿಸಿದ್ದವರಲ್ಲಿ 53 ಜನ ಸತ್ತರು. ಅದೇ ವರ್ಷ ಜನವರಿಯಲ್ಲಿ ಗುಜರಾತಿನ ಡಿಂಗುಚಾ ಎಂಬ ಹಳ್ಳಿಯ ಗಂಡ, ಹೆಂಡತಿ, ಇಬ್ಬರು ಮಕ್ಕಳು ಕೆನಡಾದ ಕಡೆಯಿಂದ ಅಮೆರಿಕಕ್ಕೆ ನಡೆದು ದಾಟಲು ಹೋಗಿ ಮ್ಯಾನಿಟೋಬಾದ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು. ಪಂಜಾಬಿನಲ್ಲಿ ಡಂಕಿ ಎಂದು ಕರೆಯುವ ಈ ದಾರಿಯಲ್ಲಿ ಜನ ಹೊಲಮನೆ ಮಾರಿ ಏಜೆಂಟನಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ. ದಾಟಬಹುದು ಎಂಬ ಆಸೆಯೇ ಅವನ ಬಂಡವಾಳ. ವಿಮಾನದಿಂದ ಇಳಿದವರ ಬೇಡಿ ನಿಮ್ಮ ಕರುಳು ಹಿಂಡಿತು, ನನಗೂ ಹಿಂಡಿತು; ಕೂತು ಬರುವವರಿಗೆ ಬೇಡಿ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಅವರನ್ನು ಆ ದಾರಿಗೆ ಹಚ್ಚಿದ ಏಜೆಂಟನ ಮುಖ ಟಿವಿಯಲ್ಲಿ ಬರಲಿಲ್ಲ.

ಅಲ್ಲಿನ ಸಭೆಗಳಲ್ಲಿ ಈ ಮಾತಿಗೆ ಇಷ್ಟು ಕಾವು ಏಕೆ ಎಂದು ತಿಳಿಯಲು 1986ಕ್ಕೆ ಹೋಗಬೇಕು. ಆ ವರ್ಷ ರೇಗನ್ ಸಹಿ ಹಾಕಿದ ಕಾಯಿದೆಯಿಂದ ಸುಮಾರು 27 ಲಕ್ಷ ಅಕ್ರಮ ವಲಸಿಗರಿಗೆ ಕಾನೂನಿನ ಮಾನ್ಯತೆ ಸಿಕ್ಕಿತು. ಪ್ರತಿಯಾಗಿ, ದಾಖಲೆಯಿಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ ದಂಡ, ಗಡಿಯಲ್ಲಿ ಬಿಗಿ ಕಾವಲು ಎಂಬ ಮಾತಿತ್ತು. ಮೊದಲನೆಯದು ನಡೆಯಿತು, ಎರಡನೆಯದು ಕಾಗದದಲ್ಲೇ ಉಳಿಯಿತು. ಇಪ್ಪತ್ತು ವರ್ಷದಲ್ಲಿ ಅಕ್ರಮವಾಗಿ ಇರುವವರ ಸಂಖ್ಯೆ ಕೋಟಿ ದಾಟಿತು. ಮೊದಲು ಗಡಿ, ಆಮೇಲೆ ಉಳಿದದ್ದು ಎಂಬ ಹಟ ಅಲ್ಲಿಂದ ಬಂದದ್ದು. 2007ರಲ್ಲಿ ಬುಷ್ ಅವರ ಬೆಂಬಲವಿದ್ದ ವಲಸೆ ಮಸೂದೆ ಸೆನೆಟಿಗೆ ಬಂದಾಗ ರೇಡಿಯೊ ಮಾತುಗಾರರು ಫೋನ್ ಮಾಡಿ ಎಂದು ಕರೆಕೊಟ್ಟರು. ಜೂನ್ 28ರಂದು, ಮತಕ್ಕೆ ಹಾಕುವ ದಿನ, ಕರೆಗಳ ಹೊರೆಗೆ ಸಂಸತ್ತಿನ ಟೆಲಿಫೋನ್ ವ್ಯವಸ್ಥೆಯೇ ಕೈಕೊಟ್ಟಿತು. 60 ಮತ ಬೇಕಿದ್ದಲ್ಲಿ ಬಿದ್ದದ್ದು 46. ಫೋನಿಗೆ ಬಲವಿದೆ ಎಂದು ಅಳಿಯನ ಪಾಸ್ಟರಿಗೆ ಗೊತ್ತಿರುವುದು ಹೀಗೆ.

ಆ ಬಲ ತಿರುಗಿ ಬಡಿದದ್ದೂ ಉಂಟು. ನಿಮ್ಮ ಪತ್ರದಲ್ಲಿರುವ ಮಸೂದೆ, ನಂಬರಿನಿಂದ ನೋಡಿದರೆ, 2023ರ ಮೇ 11ರಂದು ಕೆಳಮನೆಯಲ್ಲಿ 219-213ರಿಂದ ಪಾಸಾದದ್ದು. ಸೆನೆಟು ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಮರುವರ್ಷ ಬೇರೊಂದು ಮಸೂದೆ ಬಂತು. ರಿಪಬ್ಲಿಕನ್ ಪಕ್ಷದ ಪರವಾಗಿ ಮಾತುಕತೆ ನಡೆಸಿದವರು ಒಕ್ಲಹೋಮಾದ ಜೇಮ್ಸ್ ಲ್ಯಾಂಕ್‌ಫರ್ಡ್: ಸದರ್ನ್ ಬ್ಯಾಪ್ಟಿಸ್ಟ್, ದೇವಜ್ಞಾನ ಪದವೀಧರ, ಸೆನೆಟಿಗೆ ಬರುವ ಮುಂಚೆ ಯುವಜನರ ದೊಡ್ಡ ಕ್ರೈಸ್ತ ಶಿಬಿರವೊಂದನ್ನು ನಡೆಸಿದವರು. ಆಶ್ರಯದ ಅರ್ಜಿಗೆ ಬಿಗಿ ಮಾನದಂಡ, ಬೇಗ ತೀರ್ಮಾನ, ಹೆಚ್ಚು ಅಧಿಕಾರಿಗಳು, ಎಲ್ಲವೂ ಅದರಲ್ಲಿತ್ತು. ಚುನಾವಣೆಯ ವರ್ಷ ಬೇರೆ. ಈ ವರ್ಷ ಗಡಿ ಸಮಸ್ಯೆ ಬಗೆಹರಿಸಲು ಹೊರಟರೆ ನಿನ್ನನ್ನು ಮುಗಿಸಿಬಿಡುತ್ತೇನೆ ಎಂದು ಒಬ್ಬ ಜನಪ್ರಿಯ ಮಾತುಗಾರ ಬೆದರಿಸಿದ್ದನ್ನು ಅವರೇ ಸೆನೆಟಿನಲ್ಲಿ ಹೇಳಿದರು. 2024ರ ಫೆಬ್ರವರಿ 7ರಂದು ಮಸೂದೆ 49-50ರಿಂದ ಬಿತ್ತು. ಆ ಮಸೂದೆ ಸಾಲದು ಎನ್ನಲು ಕಾರಣಗಳಿದ್ದವು, ಒಪ್ಪುತ್ತೇನೆ. ಆದರೆ ಅದನ್ನು ಓದದೆಯೇ ಫೋನ್ ಎತ್ತಿದವರು ಎಷ್ಟು ಜನರಿದ್ದರೋ!

ಸಂಪ್ರದಾಯವಾದಿಗಳೆಂದರೆ ಗೋಡೆ ಮಾತ್ರ ಎಂಬ ಕಲ್ಪನೆಯನ್ನೂ ಬಿಡಬೇಕು. ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರು 2011ರಲ್ಲಿ ಫೀನಿಕ್ಸ್ ನಗರದಲ್ಲಿ ಸೇರಿ ಮಾಡಿದ ನಿರ್ಣಯ, ಗಡಿ ಭದ್ರಪಡಿಸಿ, ಮಾಲೀಕರನ್ನು ಹೊಣೆ ಮಾಡಿ, ಆಮೇಲೆ ಈಗಾಗಲೇ ಒಳಗಿರುವವರಿಗೆ ತಕ್ಕ ದಂಡ ವಿಧಿಸಿ ನ್ಯಾಯವೂ ಕರುಣೆಯೂ ಇರುವ ದಾರಿ ತೋರಿಸಿ ಎಂದು ಸರ್ಕಾರವನ್ನು ಕೇಳಿತು. ಇವರ ಸಭೆಗಳಲ್ಲಿ ಸ್ಪ್ಯಾನಿಷ್ ಮಾತಾಡುವವರು ತುಂಬ ಇದ್ದಾರೆ. ಅಮೆರಿಕದ ಕ್ರೈಸ್ತರಲ್ಲಿ ಸುಮಾರು 12ರಲ್ಲಿ ಒಬ್ಬರು ಒಂದೋ ತಾವೇ ಗಡೀಪಾರಾಗುವ ಭಯದಲ್ಲಿದ್ದಾರೆ, ಇಲ್ಲವೇ ಅಂಥವರೊಂದಿಗೆ ಒಂದೇ ಮನೆಯಲ್ಲಿದ್ದಾರೆ ಎಂದು ಇವಾಂಜೆಲಿಕಲರೂ ಕ್ಯಾಥೋಲಿಕರೂ ಸೇರಿ 2025ರಲ್ಲಿ ಹೊರತಂದ ವರದಿ ಹೇಳಿತು. ಅದೇ ವರ್ಷ ಜನವರಿಯಲ್ಲಿ, ಚರ್ಚು ಶಾಲೆಗಳೊಳಗೆ ಸಾಮಾನ್ಯವಾಗಿ ಬಂಧನ ಮಾಡಬಾರದೆಂಬ ಹಳೆಯ ಸರ್ಕಾರಿ ಸೂಚನೆ ರದ್ದಾದಾಗ, ಗಡಿ ಬಿಗಿಯಾಗಲಿ ಎನ್ನುತ್ತಿದ್ದ ಪಾಸ್ಟರುಗಳಲ್ಲಿಯೂ ಕೆಲವರು ಸಂಕಟಪಟ್ಟರು. ಪಕ್ಕದ ಬೆಂಚಿನ ಹೊಂಡುರಾಸಿನವನನ್ನು ನಾನು ಸುಮ್ಮನೆ ತರಲಿಲ್ಲ.

ಸಭೆಯಲ್ಲಿ ಚೀಟಿ ಹಂಚಿದ್ದು ಸರಿಯೇ? ಅಲ್ಲಿನ ಕಾನೂನಿಗೆ ವಿರೋಧವಲ್ಲ. ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು ಅಭ್ಯರ್ಥಿಯ ಪರ ಪ್ರಚಾರ ಮಾಡಬಾರದು ಎಂಬುದು 1954ರ ತಿದ್ದುಪಡಿ. ಮಸೂದೆಯ ಬಗ್ಗೆ ಮಾತಾಡುವುದಕ್ಕೆ, ಅದೇ ಮುಖ್ಯ ಕಸುಬಾಗದಿದ್ದರೆ, ಅಡ್ಡಿಯಿಲ್ಲ. ನಮ್ಮಲ್ಲೂ 2021ರ ಡಿಸೆಂಬರಿನಲ್ಲಿ ಮತಾಂತರ ತಡೆ ವಿಧೇಯಕ ಬೆಳಗಾವಿ ಅಧಿವೇಶನಕ್ಕೆ ಬಂದಾಗ ಸಭೆಗಳ ಹಿರಿಯರು ಮನವಿ ಪತ್ರ ಹಿಡಿದು ಹೋಗಲಿಲ್ಲವೇ? ವ್ಯತ್ಯಾಸ ಬೇರೆ ಕಡೆಗಿದೆ. ನಮ್ಮ ಶಾಸಕನಿಗೆ ನೀವು ಎಷ್ಟು ಫೋನ್ ಮಾಡಿದರೂ ವಿಪ್ ಬಂದ ಮೇಲೆ ಅವನು ಪಕ್ಷ ಹೇಳಿದಂತೆಯೇ ಕೈ ಎತ್ತಬೇಕು. 1985ರ ಪಕ್ಷಾಂತರ ನಿಷೇಧ ಕಾಯಿದೆ ಅವನ ಕೈ ಕಟ್ಟಿದೆ. ಅಮೆರಿಕದ ಸೆನೆಟರು ತನ್ನ ಪಕ್ಷದ ವಿರುದ್ಧ ಮತ ಹಾಕಿಯೂ ಸೆನೆಟರಾಗಿಯೇ ಉಳಿಯುತ್ತಾನೆ. ಆದ್ದರಿಂದಲೇ ಅಲ್ಲಿ ಒಬ್ಬೊಬ್ಬರ ಕರೆಗೂ ಬೆಲೆ. ಆದರೂ ಆರಾಧನೆ ಮುಗಿದ ಕೂಡಲೇ, ಗಾಯನದ ಪುಸ್ತಕ ಇನ್ನೂ ಕೈಯಲ್ಲಿರುವಾಗ ಚೀಟಿ ಹಂಚುವುದು ನನಗೆ ಹಿಡಿಸುವುದಿಲ್ಲ. ಒಪ್ಪದವನು ಆ ಹೊತ್ತಿನಲ್ಲಿ ಎದ್ದು ಹೋಗಲಾರ. ಬುಧವಾರದ ಕೂಟದಲ್ಲಿ ಮಾಡಲಿ, ಎದುರುಮಾತಿಗೂ ಜಾಗ ಕೊಡಲಿ.

ಇನ್ನು ಅಳಿಯನ ಹಕ್ಕು. ಸರ್ಕಾರಕ್ಕೆ ಅಹವಾಲು ಹೇಳುವ ಹಕ್ಕನ್ನು ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಕೊಡುವುದು ಜನರಿಗೆ, ಮತದಾರರಿಗೆ ಮಾತ್ರವಲ್ಲ. ಹತ್ತು ವರ್ಷಕ್ಕೊಮ್ಮೆ ಕೆಳಮನೆಯ ಸ್ಥಾನ ಹಂಚುವಾಗ ಜನಗಣತಿಯಲ್ಲಿ ಓಟಿಲ್ಲದವರನ್ನೂ ಎಣಿಸುತ್ತಾರೆ. ಪೌಲನೂ ರೋಮಿನ ಕಾನೂನು ಕೊಟ್ಟ ಹಕ್ಕನ್ನು ಬಿಟ್ಟುಕೊಡದೆ ಕೈಸರನ ತನಕ ಹೋದವನು. ಫೋನ್ ಎತ್ತುವುದು ಸೆನೆಟರಲ್ಲ, ಕಚೇರಿಯ ಯಾರೋ ಹುಡುಗ ಅಥವಾ ಹುಡುಗಿ. ಅವರು ಕೇಳುವುದು ಹೆಸರು, ಪಿನ್ ಕೋಡು, ಮಸೂದೆಗೆ ಪರವೋ ವಿರೋಧವೋ. ಆ ರಾಜ್ಯದವರಲ್ಲದಿದ್ದರೆ ಲೆಕ್ಕಕ್ಕಿಲ್ಲ. ಎಲ್ಲರೂ ಒಂದೇ ಒಕ್ಕಣೆಯ ಈಮೇಲ್ ಕಳಿಸಿದರೆ ಒಂದು ಕಂತೆಯಾಗಿ ಎಣಿಸಿ ಬದಿಗಿಡುತ್ತಾರೆ. ಸ್ವಂತ ಮಾತಿನಲ್ಲಿ ಬರೆದ ನಾಲ್ಕು ಸಾಲಿಗೆ ಹೆಚ್ಚು ತೂಕ. ಅಂಚೆಯಲ್ಲಿ ವಾಷಿಂಗ್ಟನ್ನಿಗೆ ಕಳಿಸಿದ್ದು ತಡವಾಗುತ್ತದೆ, 2001ರ ಆಂಥ್ರಾಕ್ಸ್ ದಾಳಿಯ ನಂತರ ಪ್ರತಿ ಕಾಗದವನ್ನೂ ತಪಾಸಣೆ ಮಾಡಿಯೇ ಒಳಗೆ ಬಿಡುವುದು. ಡಲ್ಲಾಸಿನಲ್ಲೇ ಇರುವ ಕಚೇರಿಗೆ ಹೋಗಿ ಎದುರಿಗೆ ಕೂತು ಮಾತಾಡುವುದು ಎಲ್ಲಕ್ಕಿಂತ ಮೇಲು.

ಹೇಳುವುದು ನಿಜವಾಗಿರಬೇಕು ಎಂಬುದನ್ನು ಮಾತ್ರ ಅಳಿಯನಿಗೆ ತಿಳಿಸಿ. ಮರಳುಗಾಡಿನಲ್ಲಿ ನಡೆದು ಬರುವವರು ಫೆಂಟನಿಲ್ ಎಂಬ ಮಾದಕವಸ್ತು ಹೊತ್ತು ತರುತ್ತಾರೆ ಎಂಬುದು ಅಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಸಿಕ್ಕಿಬೀಳುವ ಬಹುಪಾಲು ಸರಕು ಸಿಗುವುದು ಅಧಿಕೃತ ದ್ವಾರಗಳಲ್ಲಿ, ಕಾರು ಲಾರಿಗಳೊಳಗೆ. ಹಾಗಾಗಿ ಕೇಳಬೇಕಾದದ್ದು ಅಲ್ಲಿಗೆ ಇನ್ನಷ್ಟು ಸ್ಕ್ಯಾನರು. ಅಕ್ರಮವಾಗಿ ಉಳಿದವರಲ್ಲಿ ದೊಡ್ಡ ಪಾಲು ವೀಸಾದ ಮೇಲೆ ವಿಮಾನದಲ್ಲಿ ಬಂದು ಅವಧಿ ಮುಗಿದರೂ ವಾಪಸು ಹೋಗದವರು, ಅವರನ್ನು ಗೋಡೆ ತಡೆಯುವುದಿಲ್ಲ.

ಅಳಿಯ ಸಿಟ್ಟಾಗಿರುವುದು ತನ್ನ ಸರದಿಯ ಬಗ್ಗೆ ಎಂದು ನೀವೇ ಬರೆದಿದ್ದೀರಿ: ನಾವು ನಿಯಮ ಪಾಲಿಸಿ ವರ್ಷಗಟ್ಟಲೆ ಕಾಯಬೇಕು, ಅವರು ನದಿ ದಾಟಿ ಬಂದುಬಿಡುತ್ತಾರೆ ಎಂದು. ಆ ನೋವು ಸುಳ್ಳಲ್ಲ. ಆದರೆ ಅವರ ಸರದಿಯನ್ನು ತಡೆದಿರುವುದು ನದಿ ದಾಟಿದವನಲ್ಲ. ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಶೇ. 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಕೊಡಬಾರದೆಂಬ ನಿಯಮ. ಉದ್ಯೋಗದ ಗ್ರೀನ್ ಕಾರ್ಡಿಗೆ ಅದನ್ನು ತೆಗೆಯುವ ಮಸೂದೆ 2019ರ ಜುಲೈಯಲ್ಲಿ ಕೆಳಮನೆಯಲ್ಲಿ 365-65ರಿಂದ ಪಾಸಾಗಿತ್ತು. ಸೆನೆಟಿನಲ್ಲಿ ಅದನ್ನು ಹೊತ್ತವರು ಯೂಟಾದ ಕಟ್ಟಾ ಸಂಪ್ರದಾಯವಾದಿ ಮೈಕ್ ಲೀ. 2020ರ ಡಿಸೆಂಬರಿನಲ್ಲಿ ಅಲ್ಲಿಯೂ ಪಾಸಾಯಿತು. ಎರಡೂ ಮನೆಯ ಮಸೂದೆ ಒಂದೇ ಒಕ್ಕಣೆಗೆ ಬರುವ ಮೊದಲೇ ಅವಧಿ ಮುಗಿಯಿತು. ವಲಸೆ ಮಸೂದೆಗಳು ಮೊದಲು ಹೋಗುವುದು ಸೆನೆಟಿನ ನ್ಯಾಯಾಂಗ ಸಮಿತಿಗೆ. 2025ರಲ್ಲಿ ಟೆಕ್ಸಾಸಿನ ಇಬ್ಬರು ಸೆನೆಟರುಗಳೂ, ಜಾನ್ ಕಾರ್ನಿನ್ ಮತ್ತು ಟೆಡ್ ಕ್ರೂಜ್, ಅದೇ ಸಮಿತಿಯಲ್ಲಿದ್ದರು. ಅಳಿಯ ಇನ್ನೊಮ್ಮೆ ಫೋನ್ ಮಾಡಲಿ. ಗಡಿಯದ್ದಕ್ಕೆ ಒಂದು ಕರೆ, ಸರದಿಯದ್ದಕ್ಕೆ ಬೇರೊಂದು. ಬರೆದುಕೊಳ್ಳುವವರು ಒಂದು ಕರೆಗೆ ಒಂದೇ ವಿಷಯ ಬರೆದುಕೊಳ್ಳುತ್ತಾರೆ.