ಓದುಗರ ಪ್ರಶ್ನೆಗೆ ಉತ್ತರ: ಸಾರಥಿಯ ಗೇಲಿ, ಸರ್ಕಾರದ ಕಲಂ

ಪ್ರಶ್ನೆ: ಜಾತ್ರೆಯ ಬಯಲಾಟದಲ್ಲಿ ನಮ್ಮ ಸಾರಥಿ (ಆಟ ನಡೆಸುತ್ತ ನಗಿಸುವ ಪಾತ್ರಧಾರಿ) ಪೂಜಾರಿಯನ್ನೂ ದೇವರನ್ನೂ ಗೇಲಿ ಮಾಡಿದ. ‘295ಎ ಹಾಕಿಸ್ತೀನಿ’ ಅಂತ ಒಬ್ಬರು ಪಟ್ಟು ಹಿಡಿದಿದ್ದಾರೆ. ನಗಿಸಿದ್ದಕ್ಕೂ ಜೈಲೇ? (ಸಿರುಗುಪ್ಪ)

ಉತ್ತರ: ಧರ್ಮಕ್ಕೆ ಅವಮಾನ ಮಾಡಿದವರ ಮೇಲೆ ಹಾಕುತ್ತಿದ್ದ ಹಳೆಯ ದಂಡ ಸಂಹಿತೆಯ (ಐಪಿಸಿ) 295ಎ ಈಗಿಲ್ಲ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ. ಶಿಕ್ಷೆ ಮೊದಲಿನದೇ: ಮೂರು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಯಾರದೋ ಮನಸ್ಸಿಗೆ ನೋವಾಯಿತು ಅನ್ನುವಷ್ಟಕ್ಕೇ ಇದು ಹತ್ತುವುದಿಲ್ಲ. ಒಂದು ವರ್ಗದ ಜನರ ಧರ್ಮವನ್ನು ಬೇಕಂತಲೇ, ಹಗೆಯಿಂದ ಅವಮಾನಿಸಿದ್ದು ರುಜುವಾಗಬೇಕು. ಪೂಜಾರಿಯ ಆಸೆಬುರುಕತನವನ್ನು ಹಂಗಿಸಿದರೆ ಅಷ್ಟರಿಂದಲೇ ಧರ್ಮಕ್ಕೆ ಅವಮಾನವಾಗದು.

ದೂರು ಬಂದ ಕೂಡಲೇ ಎಫ್‌ಐಆರ್ ಆಗಲೇಬೇಕೆಂದೂ ಇಲ್ಲ. ಪೊಲೀಸ್ ತನಿಖೆ, ವಿಚಾರಣೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 173(3)ರಂತೆ ಠಾಣಾಧಿಕಾರಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಮಾತು, ಬರಹದ ಇಂಥ ಪ್ರಕರಣಗಳಲ್ಲಿ ಆ ದಾರಿ ಹಿಡಿಯುವುದೇ ಸೂಕ್ತ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿದೆ. ಎಫ್‌ಐಆರ್ ಆದರೂ, ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ (ಅದೇ ಸುರಕ್ಷಾ ಸಂಹಿತೆಯ 217ನೇ ಕಲಂ). ಚಾರ್ಜ್‌ಶೀಟಿನ ಜೊತೆ ಆ ಆದೇಶ ಇದೆಯೇ ಎಂದು ವಕೀಲರಿಂದ ಮೊದಲು ನೋಡಿಸಿ.

ಎಡವಟ್ಟಾಗುವುದು ಬೇರೆ ಕಡೆ. ಸಾರಥಿಯ ಮಾತು ಪ್ರತಿಯಲ್ಲಿರುವುದಿಲ್ಲ, ರಂಗದ ಮೇಲೇ ಹುಟ್ಟಿದ್ದು. ದೂರುದಾರರ ಕೈಯಲ್ಲಿರುವುದು ಮೊಬೈಲಿನ ಅರ್ಧ ನಿಮಿಷದ ತುಣುಕು. ಹಿಂದುಮುಂದಿನ ಸನ್ನಿವೇಶ ಕಾಣದಿದ್ದರೆ ಉದ್ದೇಶ ಏನಿತ್ತೆಂದು ತೋರಿಸುವುದು ಕಷ್ಟ. ಇಡೀ ಆಟದ ವಿಡಿಯೋ ಇಟ್ಟುಕೊಳ್ಳಿ, ಮೂಲ ಫೈಲಿಗೆ ಕತ್ತರಿ ಹಾಕಬೇಡಿ.

ಪ್ರಶ್ನೆ: ವಾಕ್ ಸ್ವಾತಂತ್ರ್ಯಕ್ಕೆ ಯಾವ ಕಾರಣಕ್ಕೆ ಮಿತಿ ಹಾಕಬಹುದೆಂದು ಹೇಳುವ ಸಂವಿಧಾನದ 19(2)ರಲ್ಲಿ ‘ಧರ್ಮ’ ಎಂಬ ಪದವೇ ಇಲ್ಲ. ಮತ್ತೆ 295ಎ ಹೇಗೆ ಉಳಿಯಿತು? (ಬಳ್ಳಾರಿ)

ಉತ್ತರ: ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಬಾಗಿಲಿನಿಂದ. 1950ರಲ್ಲಿ ಆ ಬಾಗಿಲೇ ಇರಲಿಲ್ಲ, ಅದು ತೆರೆದ ಕಥೆಯಲ್ಲಿ ನಿಮ್ಮ ಜಿಲ್ಲೆಯೂ ಇದೆ. ಮುಂಬಯಿಯ ‘ಕ್ರಾಸ್ ರೋಡ್ಸ್’ ವಾರಪತ್ರಿಕೆ ರಾಜ್ಯದೊಳಗೆ ಬರಕೂಡದೆಂದು ಮದ್ರಾಸ್ ಸರ್ಕಾರ ಆ ವರ್ಷ ಮಾರ್ಚ್ 1ರಂದು ಆದೇಶಿಸಿತು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಜಿಲ್ಲೆ, ಹಾಗಾಗಿ ನಿಮ್ಮೂರಿನ ಕೌಲ್‌ಬಜಾರಿಗೂ ಅದೇ ಆದೇಶ. ತುಂಗಭದ್ರೆ ಹೊಳೆ ದಾಟಿದರೆ ಗಂಗಾವತಿ, ಅದು ಹೈದರಾಬಾದ್ ರಾಜ್ಯ. ಅಲ್ಲಿಗೆ ಈ ಕಟ್ಟು ತಾಗದು.

ಮೇ 26ಕ್ಕೆ ಸುಪ್ರೀಂ ಕೋರ್ಟ್ ಆದೇಶವನ್ನು ರದ್ದುಮಾಡಿತು: ಅಂದಿನ 19(2) ರಾಜ್ಯದ ಭದ್ರತೆಗೆ ಧಕ್ಕೆ ತರುವ ಮಾತನ್ನು ತಡೆಯಲು ಬಿಟ್ಟಿತ್ತು, ಮದ್ರಾಸಿನ ಕಾಯ್ದೆ ಹಿಡಿದಿದ್ದ ‘ಸಾರ್ವಜನಿಕ ಸುರಕ್ಷತೆ’ ಅದಕ್ಕಿಂತ ಬಹಳ ಅಗಲ. ಸರ್ಕಾರ ಸುಮ್ಮನಿರಲಿಲ್ಲ. 1951ರ ಜೂನ್‌ನಲ್ಲಿ ಮೊದಲ ತಿದ್ದುಪಡಿ ತಂದು ‘ಸುವ್ಯವಸ್ಥೆ’ಯನ್ನು ಸೇರಿಸಿತು. ಜೊತೆಗೆ ನಿರ್ಬಂಧ ‘ಸಮಂಜಸ’ವಾಗಿರಬೇಕು ಎಂಬ ಪದವೂ ಬಂತು, ಆ ತಿದ್ದುಪಡಿಯಿಂದ ಓದುಗರಿಗೆ ಆದ ಲಾಭ ಅದೊಂದೇ ಅನ್ನಬೇಕು. 1927ರಲ್ಲಿ ಬ್ರಿಟಿಷರು ಮಾಡಿದ್ದ 295ಎ ಅನ್ನು 1957ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಈ ‘ಸುವ್ಯವಸ್ಥೆ’ಯ ಬಲದ ಮೇಲೆ.

ಪ್ರಶ್ನೆ: ಧರ್ಮನಿಂದೆ ಎಂದು ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿದರೆ ಎಲ್ಲಿಗೆ ಹೋಗಬೇಕು? (ಕುಷ್ಟಗಿ)

ಉತ್ತರ: ಹೈಕೋರ್ಟಿಗೆ. ಅಧಿಸೂಚನೆ ಗೆಜೆಟ್‌ನಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ ಅರ್ಜಿ ಹಾಕಬೇಕು, ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಕೇಳುತ್ತದೆ. ಮುಟ್ಟುಗೋಲಿಗೆ ಕಾರಣವೇನೆಂದು ಅಧಿಸೂಚನೆಯಲ್ಲೇ ಬರೆದಿರಬೇಕು. ಮೊದಲು ಅದನ್ನೇ ಸಾಲುಸಾಲಾಗಿ ಓದಿ. ಗೆಲುವು ಖಚಿತವೆಂದು ಮಾತ್ರ ಹೊರಡಬೇಡಿ: ಶರಣರ ಕಾಲದ ಕನ್ನಡ ಕಾದಂಬರಿಯೊಂದರ ಮೇಲಿನ 1997ರ ಮುಟ್ಟುಗೋಲು 2007ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಉಳಿಯಿತು.